ಅಕ್ಕನ ರವಿಕೆಗೆ ಬರೆದ ಬಳ್ಳಿ

ಹುಣಸೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ರವಿಕೆ ಕಸೂತಿಯ ಅಂಗಡಿ. ಯಾರ ಮನೆಯಲ್ಲಿ ಹಳೇ ರೇಷ್ಮೆ ಸೀರೆ ಕಂಡರೂ ಅದರ ಅಂಚಿನ ಹೂಗಳನ್ನು ಪುಸ್ತಕಕ್ಕೆ ಬರೆದುಕೊಳ್ಳುವುದು ನನ್ನ ಚಟ. ಅಜ್ಜಿಯರ ಕಾಲದ ಸೇವಂತಿಗೆ, ಮಲ್ಲಿಗೆ ಮೊಗ್ಗು ಎಲ್ಲ ಅದರಲ್ಲಿವೆ. ಗಿರಾಕಿಗಳು ಅದನ್ನು ನೋಡಿಯೇ ಆರಿಸುತ್ತಾರೆ. ಯಾರಿಗೆ ಯಾವ ಹೂವು ಎನ್ನುವುದನ್ನು ನಾನೇನೂ ಕಲಿಸಬೇಕಿಲ್ಲ. ಮೈನೆರೆದ ಹುಡುಗಿಗೆ ಮೊಗ್ಗು, ಮದುಮಗಳಿಗೆ ಅರಳಿದ ತಾವರೆ, ಬಸುರಿಗೆ ಹೂವಿನ ಜೊತೆ ಕಾಯಿ. ಗಂಡ ಸತ್ತವಳಿಗೆ ಬರೀ ಎಲೆ, ಬಳ್ಳಿ. ಮುಡಿಯಿಂದ ತೆಗೆದದ್ದು ಸಾಲದು ಅಂತ ತೋಳಿನಿಂದಲೂ ತೆಗೆಯುತ್ತಾರೆ. ಇದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಗಿರಾಕಿಗಳ ಮುಂದೆ ಭಾಷಣವನ್ನೂ ಬಿಗಿದಿದ್ದೇನೆ.

ನನ್ನ ಅಕ್ಕ ಹನಗೋಡಿನಲ್ಲಿದ್ದಳು. ಭಾವ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮಗಳ ಮದುವೆಗೆ ಹದಿನೈದು ದಿನ ಇದೆ ಎನ್ನುವಾಗ ತನಗೆಂದು ಹಸಿರು ರೇಷ್ಮೆಯ ರವಿಕೆ ಬಟ್ಟೆ ತಂದುಕೊಟ್ಟಳು. ಏನು ಬರೆಯಲಿ ಎಂದು ಕೇಳಿದರೆ, ನಿನಗೆ ತಿಳಿದದ್ದು ಬರಿ ಎಂದಳು. ನನ್ನ ಪುಸ್ತಕ ತಿರುವಿ, ಕನಕಾಂಬರದ ಹಾಳೆಯ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟುಕೊಂಡು ಕೂತಿದ್ದು, ಬಸ್ಸಿಗೆ ಹೊರಟಳು. ನಾನು ನೋಡಿದೆ. ನೋಡಿಯೂ ಎಲೆ ಬಳ್ಳಿಯನ್ನೇ ಬರೆದು ಹೊಲಿದೆ. ಗಂಡಿನ ಕಡೆಯವರು ಪಿರಿಯಾಪಟ್ಟಣದವರು. ಬೀಗಿತ್ತಿಯ ಬಾಯಿ ಜೋರು. ಮದುವೆ ಮನೆಯಲ್ಲಿ ಒಂದು ಮಾತು ಬಂದರೆ ಅಕ್ಕನಿಗೇ ನೋವು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮದುವೆಯ ಬೆಳಿಗ್ಗೆ ಅಕ್ಕ ರವಿಕೆ ತೊಟ್ಟು, ತೋಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಎಲೆಗಳ ನಡುವೆ ಬೆರಳಾಡಿಸಿ ಹುಡುಕಿದಳು.

"ಊರೋರು ಕಿತ್ಕಂಡ್ರು, ಅದು ಗೊತ್ತಿದ್ದದ್ದೆಯ," ಎಂದಳು. "ನೀನಾದ್ರೂ ಒಂದ್ ಹೂವ ಇಕ್ತೀಯ ಅನ್ಕಂಡಿದ್ದೆ ಕಣವ್ವ."

ಆಮೇಲೆ, ರವಿಕೆ ಕೊಡು, ಹೂ ತುಂಬಿಸಿಕೊಡುತ್ತೇನೆ ಎಂದು ಎಷ್ಟೋ ಸಲ ಕೇಳಿದೆ. ಮದುವೆಯೇ ಮುಗಿಯಿತಲ್ಲ, ಇನ್ನೇಕೆ ಎಂದು ನಕ್ಕು ತಳ್ಳಿಹಾಕಿದಳು. ಆ ನಗು ನನ್ನನ್ನು ಬೈಗುಳಕ್ಕಿಂತ ಹೆಚ್ಚಾಗಿ ನೋಯಿಸಿತು.

ಹೋದ ವರ್ಷ ಜ್ವರ ಬಂದು ನಾಲ್ಕೇ ದಿನದಲ್ಲಿ ಅಕ್ಕ ಹೋಗಿಬಿಟ್ಟಳು. ಮಣ್ಣಿಗೆ ಬಂದವರೆಲ್ಲ ಹಾರ ತಂದಿದ್ದರು. ನಾನು ಹೆದರಿದ್ದ ಆ ಬೀಗಿತ್ತಿಯೇ ದೊಡ್ಡದೊಂದು ಸೇವಂತಿಗೆ ಹಾರ ತಂದು, ಅಳುತ್ತ ಅಕ್ಕನ ಎದೆಯ ಮೇಲಿಟ್ಟಳು. ಕುತ್ತಿಗೆಯವರೆಗೂ ಹೂವು. ಯಾರೂ ಬೇಡ ಎನ್ನಲಿಲ್ಲ. ನಾನೂ ಒಂದು ಹಾರ ತಂದಿದ್ದೆ. ಅದನ್ನು ಹಾಕಲು ನನಗೆ ಕೈ ಏಳಲಿಲ್ಲ.