ಚೈನ್ ಬಿಚ್ಚಿದ ಬೆಳಿಗ್ಗೆ

ಹಿಮದಲ್ಲಿ ಜಾರದಂತೆ ಟೈರಿಗೆ ಚೈನ್ ಕಟ್ಟುವುದನ್ನು ನನ್ನ ಗಂಡ ಕಲಿತದ್ದು ಆಸ್ಟ್ರಿಯಾದ ಬೆಟ್ಟದಲ್ಲಿ. ಅಲ್ಲಿ ರಸ್ತೆ ಬದಿಯಲ್ಲಿ ಚೈನಿನ ಚಿತ್ರವಿರುವ ನೀಲಿ ಫಲಕ ಕಂಡರೆ ಕಟ್ಟಲೇಬೇಕು. ಒಂದು ಸಲ ಪ್ರವಾಸ ಹೋಗಿಬಂದ ಮೇಲೆ ಆ ಚೈನು ನಮ್ಮ ಕಾರಿನ ಡಿಕ್ಕಿಯಲ್ಲೇ ಉಳಿದುಬಿಟ್ಟಿತು. ಹೆಸರಿಗೊಂದು ದಿಣ್ಣೆಯೂ ಇಲ್ಲದ ನಮ್ಮ ಡಚ್ ಊರು ಡೆಲ್ಫ್ಟ್‌ನಲ್ಲಿ ಇದೇಕೆ ಎಂದು ನಾನು ಹಂಗಿಸಿದಾಗಲೆಲ್ಲ, "ಇರ್ಲಿ ಬಿಡು, ಸೇಫ್ಟಿಗೆ" ಅನ್ನುತ್ತಿದ್ದರು.

ನನಗೆ ಹೆರಿಗೆ ನೋವು ಶುರುವಾದ ಬೆಳಿಗ್ಗೆ ಅವರ ಮಾತೇ ಗೆದ್ದಿತು ಅಂದುಕೊಂಡೆ. ಹಿಮ ಸುರಿದು ನಮ್ಮ ಬೀದಿ ಹೆಪ್ಪುಗಟ್ಟಿತ್ತು. ಈ ದೇಶದಲ್ಲಿ ಸೂಲಗಿತ್ತಿಯೇ ಮನೆಗೆ ಬಂದು ಹೆರಿಗೆ ಮಾಡಿಸುವುದುಂಟು. ಆದರೆ ನನ್ನ ಬಿಪಿ ಏರಿದ್ದರಿಂದ ಆಕೆ ಫೋನಿನಲ್ಲೇ, ತಡಮಾಡದೆ ಆಸ್ಪತ್ರೆಗೆ ಹೊರಡಿ, ಆಂಬುಲೆನ್ಸಿಗೆ ಕಾಯುವುದಕ್ಕಿಂತ ನಿಮ್ಮ ಕಾರೇ ಬೇಗ, ಎಂದರು. ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅಮ್ಮ ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದಳು. ಚಕ್ರ ನಿಂತಲ್ಲೇ ಸುತ್ತಿತು, ಕಾರು ಅಲುಗಲಿಲ್ಲ. ಇವರು ಇಳಿದು ಚೈನ್ ಕಟ್ಟತೊಡಗಿದರು.

ಆಗ ಎದುರು ಮನೆಯ ನಿವೃತ್ತ ಮೇಷ್ಟ್ರು ಬಂದರು. ಕಸದ ಡಬ್ಬಿ ತಪ್ಪು ದಿನ ಹೊರಗಿಟ್ಟರೂ ಬಾಗಿಲು ತಟ್ಟಿ ಹೇಳುವ ಆಸಾಮಿ. "ಮಾಗ್ ನೀಟ್", ಹಾಗೆ ಮಾಡುವಂತಿಲ್ಲ, ಎಂದು ಕೈ ಅಡ್ಡ ಹಿಡಿದರು. ಈ ದೇಶದ ರಸ್ತೆಗಳಲ್ಲಿ ಚೈನ್ ಕಟ್ಟಿ ಓಡಿಸುವಂತಿಲ್ಲವಂತೆ, ಡಾಂಬರು ಕಿತ್ತುಬರುತ್ತದಂತೆ. ದೊಡ್ಡ ರಸ್ತೆಗೆ ಉಪ್ಪು ಹಾಕಿ ಹಿಮ ಕರಗಿಸಿದ್ದಾರೆ, ಬರೀ ಡಾಂಬರಿನ ಮೇಲೆ ಚೈನ್ ನಿಮ್ಮ ಕಾರನ್ನೇ ಕುಣಿಸುತ್ತದೆ, ಎಂದು ಇಂಗ್ಲಿಷಿನಲ್ಲಿ ಪಾಠ ಶುರುಮಾಡಿದರು. ನನ್ನ ಪಿತ್ತ ನೆತ್ತಿಗೇರಿತು.

"ರೀ, ರೂಲ್ಸ್ ಮಾತಾಡೋಕೆ ಇದೇ ಟೈಮಾ? ಪಕ್ಕಕ್ಕೆ ಹೋಗೋಕೆ ಹೇಳಿ ಆ ಮುದುಕಂಗೆ!" ಎಂದು ಕಿರುಚಿದೆ. ಕನ್ನಡ ಬಾರದಿದ್ದರೂ ಮೇಷ್ಟ್ರಿಗೆ ನನ್ನ ಮುಖ ಅರ್ಥವಾಗಿರಬೇಕು. ಒಂದು ಗಳಿಗೆ ನನ್ನ ಹೊಟ್ಟೆಯನ್ನೇ ನೋಡಿದರು. ಚೈನ್ ಬಿಚ್ಚಿಡಿ ಎಂದು ಇವರಿಗೆ ಹೇಳಿ, ಪಕ್ಕದ ಮನೆಯ ಬೆಲ್ ಒತ್ತಿದರು. ಆಮೇಲೆ ಅದರ ಪಕ್ಕದ್ದು.

ಅಷ್ಟು ವರ್ಷ ಬರೀ ತಲೆಯಾಡಿಸಿ ಹೋಗುತ್ತಿದ್ದ ಬೀದಿ ಅದು. ರಾತ್ರಿ ಉಡುಪಿನ ಮೇಲೇ ಕೋಟು ಹಾಕಿಕೊಂಡು ಜನ ಸಲಿಕೆ, ಉಪ್ಪಿನ ಡಬ್ಬಿ ಹಿಡಿದು ಬಂದರು. ಒಬ್ಬಾಕೆಯ ಕೈಯಲ್ಲಿದ್ದದ್ದು ಮಕ್ಕಳು ಮರಳಿನಲ್ಲಿ ಆಡುವ ಪ್ಲಾಸ್ಟಿಕ್ ಸಲಿಕೆ! ಉಪ್ಪು ಎರಚುವುದನ್ನು ಕಂಡ ಅಮ್ಮ ಒಳಗೋಡಿ, ಉಪ್ಪಿನಕಾಯಿಗೆಂದು ತರಿಸಿದ್ದ ಕಲ್ಲುಪ್ಪಿನ ಚೀಲವನ್ನೇ ತಂದಳು. "ತಗೊಳ್ಳಿ ಸ್ವಾಮಿ, ಪೂರ್ತಿ ಹಾಕಿ" ಎಂದು ಮೇಷ್ಟ್ರಿಗೆ ಕೊಟ್ಟಳು. ಅವರು ಅದನ್ನು ಬಿತ್ತನೆಯ ಹಾಗೆ ಚೆಲ್ಲುತ್ತ, ಗಟ್ಟಿ ಹಿಮ ಕುಟ್ಟುತ್ತ ಮುಂದೆ ನಡೆದರು. ಕಾರು ಅವರ ಬೆನ್ನ ಹಿಂದೆ ಇಂಚಿಂಚೇ ಸರಿಯಿತು. ನೋವಿನ ನಡುವೆಯೇ ನನಗೆ ಅಳು ಬಂತು. ಹುಟ್ಟೂರಿನಲ್ಲಿದ್ದರೂ ಇಷ್ಟು ಜನ ನನಗಾಗಿ ಬೀದಿಗಿಳಿಯುತ್ತಿದ್ದರೋ ಇಲ್ಲವೋ. ದೊಡ್ಡ ರಸ್ತೆಯ ಕಪ್ಪು ಡಾಂಬರು ಕಂಡಾಗ ಮೇಷ್ಟ್ರು ಪಕ್ಕಕ್ಕೆ ಸರಿದು, ಹೋಗಿ ಹೋಗಿ ಎಂದು ಕೈಬೀಸಿದರು.

ಮಧ್ಯಾಹ್ನ ಮಗಳು ಹುಟ್ಟಿದಳು. ಇನ್ನೂ ಸ್ವಲ್ಪ ತಡವಾಗಿದ್ದರೆ ತಾಯಿ ಮಗು ಇಬ್ಬರಿಗೂ ಅಪಾಯವಿತ್ತು, ಎಂದರು ಡಾಕ್ಟರು.

ಮಗುವನ್ನು ಎತ್ತಿಕೊಂಡು ಮನೆಗೆ ಬಂದಾಗ ಅಮ್ಮ ಅರಿಶಿನ ಸುಣ್ಣದ ಕೆಂಪು ನೀರಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎದುರು ಮನೆಯಿಂದ ಮೇಷ್ಟ್ರು ಮಗು ನೋಡಲು ಬಂದರು. ಅಮ್ಮ ಅವರ ತೋಳು ಹಿಡಿದು ನಮ್ಮ ಪಕ್ಕದಲ್ಲೇ ನಿಲ್ಲಿಸಿದಳು.

"ಅವರನ್ನ ಯಾಕಮ್ಮ?" ಎಂದೆ.

"ಮನೇವರಿಗೆಲ್ಲ ಒಟ್ಟಿಗೇ ದೃಷ್ಟಿ ತೆಗೀಬೇಕು ಕಣೆ" ಎಂದಳು ಅಮ್ಮ.

ಮೇಷ್ಟ್ರು ಟೋಪಿ ತೆಗೆದು ತಲೆ ಬಾಗಿಸಿದರು.