ಸರೋಜಾ ಆಂಟಿಯ ರೇಷ್ಮೆ ಬ್ಲೌಸ್

ಫ್ರೆಂಡ್ಸ್, ಇವತ್ತು ಬೆಳಿಗ್ಗೆ ಕುರುಬರಹಳ್ಳಿಯ ಟೈಲರ್ ಶಕುಂತಲಾ ಅವರ ಅಂಗಡಿಗೆ ನಮ್ಮ ಬೀದಿಯ ಸರೋಜಾ ಆಂಟಿ ದುಡುದುಡು ಬಂದರು. ಸೀರೆಗೆ ಫಾಲ್ ಹಾಕಿಸಲು ನಾನೂ ಅಲ್ಲೇ ಕೂತಿದ್ದೆ.

"ನನ್ನ ರೇಷ್ಮೆ ಬಟ್ಟೆ ವಾಪಸ್ ಕೊಡಮ್ಮ."

ವಿಷಯ ಇಷ್ಟೇ. ಹೋದ ತಿಂಗಳು ಛತ್ರವೊಂದರಲ್ಲಿ ಮದುಮಗಳ ಒಡವೆ ಕಳುವಾಯಿತು. ಅವಳ ಬ್ಲೌಸ್ ಸರಿಮಾಡಲು ಹೋಗಿದ್ದ ಶಕುಂತಲಾರನ್ನು ಪೊಲೀಸರು ವಿಚಾರಿಸಿ ಬಿಟ್ಟರು. ಇವರ ಮೇಲೆ ಕೇಸಿಲ್ಲ, ಚಾರ್ಜ್‌ಶೀಟಿಲ್ಲ. ಆದರೆ ನಿನ್ನೆ ಸರ್ಕಾರಿ ವಕೀಲರು ಟಿವಿಯಲ್ಲಿ, "ಸಾಕ್ಷಿ ಸಾಲದು ಅಂತ ಬಿಟ್ಟಿದ್ದೀವಿ. ಕದ್ದಿದ್ದು ಆ ಟೈಲರೇ, ಅನುಮಾನ ಬೇಡ" ಅಂದುಬಿಟ್ಟರು.

"ಕೇಸೇ ಹಾಕಿಲ್ವಲ್ಲ ಆಂಟಿ?" ಅಂದೆ.

"ಲಾಯರ್ರೇ ಹೇಳಿದ್ಮೇಲೆ ಇನ್ನೇನೇ?"

ಗದಗಿನ ಕಡೆಯವರಾದ ಶಕುಂತಲಾ ಬಟ್ಟೆ ಮಡಚುತ್ತಾ ಮೆಲ್ಲಗೆ ಅಂದರು, "ಕೇಸ್ ಹಾಕಿದ್ರ ಕೋರ್ಟಿನ್ಯಾಗ ನಿಂತು ಹೇಳ್ತಿದ್ನಿರೀ. ಹಾಕೇ ಇಲ್ಲ. ಈಗ ಯಾರ ಮುಂದ ಹೇಳ್ಲಿ?"

ಆಂಟಿ ಮುಖ ತಿರುಗಿಸಿ ಇನ್ನಿಬ್ಬರು ಟೈಲರ್‌ಗಳಿಗೆ ಫೋನ್ ಮಾಡಿದರು. ಆಂಟಿ ಶುಕ್ರವಾರ ಒಂದು ಗೃಹಪ್ರವೇಶಕ್ಕೆ ಹೋಗಬೇಕು; ಅಷ್ಟರೊಳಗೆ ಬ್ಲೌಸ್ ಹೊಲಿದುಕೊಡಲು ಯಾರಿಂದಲೂ ಆಗುವುದಿಲ್ಲವಂತೆ.

"ಸರಿ, ನೀನೇ ಹೊಲಿ. ಅಳತೆ ಬ್ಲೌಸ್ ಇವತ್ತೂ ಮರೆತೆ. ನನ್ನ ನೋಡಿದ್ರೆ ಗೊತ್ತಾಗುತ್ತಲ್ಲ, ಅಂದಾಜಲ್ಲಿ ಕತ್ತರಿಸಿಬಿಡು."

ಶಕುಂತಲಾ ಟೇಪ್ ಕೈಗೆತ್ತಿಕೊಂಡರು. "ಅಂದಾಜಿನ ಮ್ಯಾಲೆ ನಾ ಕತ್ತರಿ ಹಾಕಂಗಿಲ್ರೀ. ಕೈ ಎತ್ರಿ, ಅಳತಿ ತೊಗೋತೀನಿ."

ಆಂಟಿ ತೆಪ್ಪಗೆ ಎರಡೂ ಕೈ ಎತ್ತಿ ನಿಂತರು.

ಆ ವಕೀಲರನ್ನು ಒಂದು ವಾರ ಈ ಅಂಗಡಿಯಲ್ಲಿ ಕೆಲಸ ಕಲಿಯಲು ಬಿಡಬೇಕು ಕಣ್ರೀ. ಹುಕ್ಸ್ ಹೊಲಿಯುವುದರಿಂದ ಶುರುಮಾಡಲಿ. ಕತ್ತರಿ ಮಾತ್ರ ಸದ್ಯಕ್ಕೆ ಅವರ ಕೈಗೆ ಕೊಡುವುದು ಬೇಡ.