ಮಂಕಿ ಟೋಪಿ ಹಾಕಿದ ಮೇಡಂ

ಯಂತ್ರಗಳು ತಾವೇ ತೀರ್ಮಾನ ಮಾಡುವ ಬಗ್ಗೆ ನಾಗರಬಾವಿಯ ಕಾಲೇಜಿನಲ್ಲಿ ನಮಗೆ ಪಾಠ ಹೇಳುತ್ತಿದ್ದ ಮೇಡಂ, ಕನ್ನಡಕವನ್ನು ತಲೆಗೇರಿಸಿ ದಿನಾ ಒಂದೇ ಮಾತು ಹೇಳುತ್ತಿದ್ದರು: "ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ಬೇಕು ಕಣ್ರೋ, ಮನುಷ್ಯ ಆಗ್ಲಿ ಮಷೀನ್ ಆಗ್ಲಿ."

ಒಮ್ಮೆ ನನ್ನ ಗೆಳೆಯ ದೇವರಿಗೆ ಮುಡಿ ಕೊಟ್ಟು ಬಂದ. ಅವನ ಬೋಳುತಲೆಯನ್ನು ಗುರುತಿಸದ ಹಾಜರಾತಿ ಕ್ಯಾಮೆರಾ ದಿನವೂ ಗೈರುಹಾಜರಿ ಹಾಕಿತು. ಹಾಜರಿ ಸಾಲದೆಂದು ಅವನ ಪರೀಕ್ಷೆಯ ಹಾಲ್ ಟಿಕೆಟ್ ತಡೆಹಿಡಿದರು.

"ಮಷೀನ್ ಸುಳ್ಳು ಹೇಳಲ್ಲ ಮೇಡಂ," ಎಂದರು ಪ್ರಾಂಶುಪಾಲರು, ಅವನ ಪರವಾಗಿ ಕೇಳಲು ಹೋದ ಮೇಡಂಗೆ.

ಮರುದಿನ ಮೇಡಂ ಮಂಕಿ ಟೋಪಿ ಹಾಕಿಕೊಂಡು ಕ್ಯಾಮೆರಾ ಮುಂದೆ ನಿಂತರು. ಪರದೆಯ ಮೇಲೆ ಪ್ರಾಂಶುಪಾಲರ ಹೆಸರು ಬಂತು! ಮೇಡಂ ನೇರವಾಗಿ ಅವರ ಕೊಠಡಿಗೆ ನುಗ್ಗಿದರು.

"ಏಳಿ ಸಾರ್, ಅದು ನನ್ ಕುರ್ಚಿ."

ಗಾಬರಿಯಾದ ಪ್ರಾಂಶುಪಾಲರು ತಾವೇ ಹೋಗಿ ಕ್ಯಾಮೆರಾ ಮುಂದೆ ನಿಂತರು. ಪರದೆಯ ಮೇಲೆ ನನ್ನ ಗೆಳೆಯನ ಹೆಸರು ಬಂದು, ಅವನಿಗೆ ಹಾಜರಿ ಬಿತ್ತು.

ಪ್ರಾಂಶುಪಾಲರು ಅವನ ಹಾಲ್ ಟಿಕೆಟ್‌ಗೆ ಸಹಿ ಹಾಕಿ ಮೆಲ್ಲಗೆ ಕೇಳಿದರು: "ಇದು ನನ್ ಸಹೀನೇ ತಾನೇ, ಮೇಡಂ?"